ಕರಿಕೋಟಿನ ತೋಳು

ಮಾರ್ಚ್ ೧೧, ಸೋಮವಾರ

ನನ್ನ ವಕೀಲಮ್ಮನಿಗೆ,

ಅಮ್ಮನ ಮುತ್ತು. ಫೋನು ಕೆಟ್ಟಿದೆ, ಅದಕ್ಕೇ ಕಾಗದ. ಮುಂದಿನ ಸೋಮವಾರ ವಕೀಲಿ ಸನ್ನದು ತಗೊಳ್ಳುವಾಗ ನೀನು ಹಾಕಿಕೊಳ್ಳಬೇಕಾದ ಕರಿಕೋಟು ಹೊಲಿದು ಮುಗಿಯಿತು. ಇದರ ಜೊತೆಗೇ ಕೊರಿಯರ್‌ನಲ್ಲಿ ಬರುತ್ತೆ. ಮೂವತ್ತು ವರ್ಷ ಊರವರ ಮಕ್ಕಳಿಗೆಲ್ಲ ಹೊಲಿದುಕೊಟ್ಟು, ಸ್ವಂತ ಮಗಳಿಗೆ ರೆಡಿಮೇಡ್ ಹಾಕಿಸಿದರೆ ನನ್ನ ಟೈಲರ್ ಅಂಗಡಿಯ ಬೋರ್ಡು ಕಿತ್ತು ಒಲೆಗೆ ಹಾಕಬೇಕು.

ನನ್ನ ಆರೋಗ್ಯದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ನಾಲ್ಕನೇ ಕೀಮೋನೂ ಮುಗಿಯಿತು. ಕೂದಲಿಲ್ಲದ್ದರಿಂದ ಬೆಳಗ್ಗೆ ಕಾಲು ಗಂಟೆ ಉಳಿತಾಯ. ಸುಸ್ತಿದೆ, ಇಲ್ಲ ಅನ್ನಲ್ಲ. ರಕ್ತ ಸ್ವಲ್ಪ ಕಮ್ಮಿ ಅಂತ ಡಾಕ್ಟರಮ್ಮ ಇನ್ನೊಂದು ಪರೀಕ್ಷೆ ಮಾಡಿಸಿದರು. ಅದರ ರಿಪೋರ್ಟು ಮೊದಲು ನಿಮ್ಮಪ್ಪನ ಕೈಗೆ ಸಿಕ್ಕಿತು. ಲೆಕ್ಕದ ಮೇಷ್ಟ್ರಲ್ಲವಾ, ಅಂಕಿ ಕಂಡರೆ ಕಣ್ಣು ಅರಳುತ್ತೆ. ಯಾವುದೋ ಹಾರ್ಮೋನು ಇರಬೇಕಾದ್ದಕ್ಕಿಂತ ಹತ್ತು ಪಟ್ಟು ಜಾಸ್ತಿ ಅಂತ ಓದಿದ್ದೇ, ನಾನು ರ‍್ಯಾಂಕ್ ಬಂದೆ ಅಂತ ಕಟ್ಟಡಕ್ಕೆಲ್ಲ ಸಾರಿಬಂದರು. ಮೇಲಿನ ಮನೆಯಾಕೆ ಬಂದು ನನ್ನ ಕೈ ಕುಲುಕಿದಳು. ಬಂದದ್ದು ಬರಲಿ ಅಂತ ನಾನೂ ಕುಲುಕಿಸಿಕೊಂಡೆ.

ಡಾಕ್ಟರಮ್ಮನಿಗೆ ಹೇಳಿದರೆ ನಕ್ಕುಬಿಟ್ಟರು. ಆ ಹಾರ್ಮೋನು ಮೂತ್ರಪಿಂಡ ಕಳಿಸೋ ಆರ್ಡರ್ ಚೀಟಿ ಇದ್ದ ಹಾಗಂತೆ, ರಕ್ತ ಸಾಲದು, ಕೆಂಪು ಕಣ ಮಾಡಿ ಅಂತ. ಕಣ ತಯಾರಾಗೋದು ಮೂಳೆಯೊಳಗಿನ ಮಜ್ಜೆಯಲ್ಲಿ. ಕೀಮೋ ಅಲ್ಲಿ ಕೆಲಸದವರನ್ನೇ ಮಲಗಿಸಿಬಿಟ್ಟಿದೆ. ಚೀಟಿ ಮೇಲೆ ಚೀಟಿ ಬಂದು ಬೀಳುತ್ತಿದೆ, ತಗೊಳ್ಳೋರಿಲ್ಲ, ಅದಕ್ಕೇ ಅಂಕಿ ಅಷ್ಟು ಮೇಲೆ. ಶಾಲೆ ಶುರುವಾಗೋ ವಾರ ಯೂನಿಫಾರಂ ಆರ್ಡರು ಗುಡ್ಡೆ ಬಿದ್ದಿರುವಾಗ ಹೊಲಿಯೋರೆಲ್ಲ ಜ್ವರ ಅಂತ ರಜೆ ಹಾಕಿದರೆ ನಮ್ಮ ಅಂಗಡಿ ಹೇಗಿರುತ್ತೆ ಹೇಳು, ಹಾಗೆ. ಇದನ್ನು ಕೇಳಿ ನಿಮ್ಮಪ್ಪನ ಮುಖ ಪೆಚ್ಚಾಯಿತು. ಮೇಲಿನ ಮನೆಯಾಕೆಗೆ ಎದುರು ಸಿಗಬಾರದು ಅಂತ ಈಗ ಹಿಂದಿನ ಮೆಟ್ಟಿಲಲ್ಲೇ ಓಡಾಟ.

ಮಜ್ಜೆಯವರು ನಿಧಾನಕ್ಕೆ ಎದ್ದು ಕೆಲಸಕ್ಕೆ ಬರುತ್ತಾರಂತೆ. ಆದ್ದರಿಂದ ನೀನು ಎಲ್ಲ ಬಿಟ್ಟು ಓಡಿ ಬರಬೇಡ, ಬಂದರೆ ಬಾಗಿಲು ತೆಗೆಯಲ್ಲ. ಪ್ರಮಾಣವಚನ ಮುಗಿಸಿ ಕೋಟು ಹಾಕಿದ ಫೋಟೋ ಕಳಿಸು. ಭುಜ ಸರಿಯಾಗಿ ಕೂತಿದೆಯಾ ನೋಡಬೇಕು.

ಕೊರಳಲ್ಲಿ ಟೇಪು ಹಾಕಿಕೊಂಡೇ ಬರೆದ,
ನಿನ್ನ ಅಮ್ಮ

ತಾ.ಕ.: ಪೊಟ್ಟಣ ಕಟ್ಟೋ ಮೊದಲು ನಿಮ್ಮಪ್ಪ ಕೋಟನ್ನು ತಾವೇ ಹಾಕಿ ನೋಡಿದರು. ಎರಡೂ ತೋಳು ಎಡಗೈದೇ. ಬಟ್ಟೆ ತಿರುವಿ ಹಾಕದೆ ಎರಡು ಸಲವೂ ಒಂದೇ ಕಡೆಯ ತೋಳು ಕತ್ತರಿಸಿದ್ದೇನೆ. ಕಲಿಯೋಕೆ ಬಂದವರು ಮೊದಲ ವಾರ ಮಾಡೋ ತಪ್ಪು, ಅದಕ್ಕೆ ನಾನು ಬೈಯೋದು ನಿನಗೇ ಗೊತ್ತು. ನಿಮ್ಮಪ್ಪ ನಗಲಿಲ್ಲ. ಆಗ ನನಗೆ ಭಯವಾಯಿತು.

ಫೋನು ಕೆಟ್ಟಿಲ್ಲ. ನಾಲ್ಕು ಮಾತಾಡಿದರೆ ಉಸಿರು ಸಾಲಲ್ಲ, ನೀನು ಕಂಡುಹಿಡಿಯುತ್ತೀಯ ಅಂತ ಸುಳ್ಳು ಹೇಳಿದೆ. ಹಿಮೋಗ್ಲೋಬಿನ್ ಆರೂವರೆ. ಗುರುವಾರ ರಕ್ತ ಹಾಕುತ್ತಾರೆ. ಕೋಟು ಕಳಿಸುತ್ತಿಲ್ಲ, ಬೇಕಿದ್ದರೆ ಬಂದು ತಗೊ. ಪಕ್ಕದಲ್ಲಿ ಕೂತು ಬಲದ ತೋಳು ಬಿಚ್ಚಿಡು. ರಕ್ತ ಏರಿದ ಮೇಲೆ ಹೊಸದು ನಾನೇ ಕತ್ತರಿಸುತ್ತೇನೆ, ಸೋಮವಾರಕ್ಕೆ ಇನ್ನೂ ಟೈಮಿದೆ. ಬಾ ಮಗಳೆ. ನಾನೂ ಒಂದು ಚೀಟಿ ಕಳಿಸುತ್ತಿದ್ದೇನೆ, ಇದನ್ನಾದರೂ ತಗೊಳ್ಳೋರು ಇರಲಿ.