ಬುಗ್ಗೆಯ ಬಳಿ ಜೇನು

ಅಮ್ಮಾ,

ಈಗಷ್ಟೇ ಪವಿತ್ರ ನೀರಿನ ಬುಗ್ಗೆಯಿಂದ ಬಂದೆ. ಪಕ್ಕದ ಮನೆಯ ಯೆಶಿ ಅಲ್ಲಿನ ಕಲ್ಲಿನ ಮೇಲೆ ಕುಸಿದುಬಿದ್ದಳು. ಥೇಟ್ ನಿನ್ನ ಹಾಗೆಯೇ ಮೈಯೆಲ್ಲ ಬೆವರು, ತೊದಲು ಮಾತು.

"ದೆವ್ವ ಬಾಯಿ ಬಿಡ್ತಿದೆ, ಗಟ್ಟಿಯಾಗಿ ಹಿಡ್ಕೊಳ್ರೋ!" ಎಂದು ಜನ ಕೂಗಿದರು. ಪಾದ್ರಿ ಶಿಲುಬೆ ಎತ್ತಿ ಹಿಡಿದು ತಣ್ಣೀರು ಸುರಿಯುತ್ತಲೇ ಇದ್ದರು.

"ದೆವ್ವ ಅಲ್ಲ ಕಣ್ರೀ! ಬೆಳಿಗ್ಗೆ ಸಕ್ಕರೆ ಕಾಯಿಲೆ ಮಾತ್ರೆ ನುಂಗಿ, ಹುದಾದೆ ಉಪವಾಸ ಅಂತ ಏನೂ ತಿಂದಿಲ್ಲ. ಹೊಟ್ಟೇಲಿ ಇಂಜೆರಾ ರೊಟ್ಟಿ ಇದೆಯಾ ಇಲ್ವಾ ಅಂತ ಮಾತ್ರೆ ಕೇಳುತ್ತಾ? ಮೈಯಲ್ಲಿರೋ ಸಕ್ಕರೇನೆಲ್ಲ ಇಳಿಸ್ಬಿಡುತ್ತೆ!" ಎಂದು ಕಿರುಚಿ, ಸೀಸೆಯ ಜೇನನ್ನು ಅವಳ ಒಸಡಿಗೆ ಸವರಿದೆ. ನೀನು ಹೋದ ಮೇಲೆ ಆ ಸೀಸೆಯಿಲ್ಲದೆ ನಾನು ಹೊಸಿಲು ದಾಟಿಲ್ಲ.

ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು. ನಾಲಿಗೆ ಚಪ್ಪರಿಸಿದವಳೇ, "ಯಾವಳೇ ನನ್ನ ಉಪವಾಸ ಕೆಡಿಸಿದ್ದು? ನಿನ್ನ ಕೈ ಸೇದ್ಹೋಗ!" ಎಂದು ಬೈದಳು.

"ಬೈಯಿ ಯೆಶಿ, ಇನ್ನೂ ಬೈಯಿ" ಎಂದು ಅವಳ ಕಾಲು ಹಿಡಿದು ಅತ್ತೆ.

ಅವತ್ತು ಅದೇ ಕಲ್ಲಿನ ಮೇಲೆ, ನಾನೂ ದೆವ್ವವೆಂದೇ ನಂಬಿ ನಿನ್ನ ತೋಳು ಅದುಮಿ ಹಿಡಿದಿದ್ದಾಗ, ನೀನು ಒಂದು ತೊಟ್ಟು ಜೇನು ಕೇಳಿದ್ದೆ. ಆಮೇಲೆ ಒಂದು ಮಾತೂ ಬೈಯದೆ ಹೋಗಿಬಿಟ್ಟೆ.

ಈಗಲಾದರೂ ಬೈಯಮ್ಮಾ.