ಹನ್ನೊಂದನೆಯ ಪುಟ

ಜುಲೈ ೧೪, ಮಂಗಳವಾರ

ಏನೇ ಆಗಲಿ, ಆ ಪುಟವನ್ನು ಹರಿಯುವವಳು ನಾನಲ್ಲ.

ನಮ್ಮ ಶಾಲೆಯಲ್ಲಿ ನಾನು ನೋಡಿಕೊಳ್ಳುವ ಮಕ್ಕಳ ಮಂಡಳಿಯ ನಡಾವಳಿ ಪುಸ್ತಕದಲ್ಲಿ ಕಾರ್ಯದರ್ಶಿ ಬರೆದದ್ದು ಇಷ್ಟೇ: "ಹುಡುಗಿಯರ ಶೌಚಾಲಯಕ್ಕೆ ಚಿಲಕ ಇಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲಬೇಕು. ಮೂರನೇ ಸಲ ಕೇಳುತ್ತಿದ್ದೇವೆ." ನಾಲ್ಕನೇ ತರಗತಿಯ ಗೇಣುದ್ದದ ಹುಡುಗಿ. ಸಭೆಯಲ್ಲಿ ಗಟ್ಟಿಯಾಗಿ ಓದಿ, ಎಲ್ಲರ ಕೈ ಎತ್ತಿಸಿಯೇ ಸಹಿ ಹಾಕಿದಳು.

ನಾಳೆ ತಪಾಸಣೆಗೆ ಅಧಿಕಾರಿಣಿ ಬರುತ್ತಾರೆ. ಸಂಜೆ ಹೆಡ್‌ಮೇಡಂ ನನ್ನನ್ನು ಕರೆದರು. "ಇದನ್ನ ಹರಿದು ಹಾಕಿ, ಗಿಡ ನೆಟ್ಟಿದ್ದು ಬರೆಸಿಬಿಡಿ. ಮಕ್ಕಳಿಗೇನು ಗೊತ್ತಾಗುತ್ತೆ?"

ಗೊತ್ತಾಗುತ್ತೆ. ಮೊದಲ ದಿನವೇ ಅವರ ಕೈಯಿಂದಲೇ ಪ್ರತಿ ಪುಟಕ್ಕೂ ಸಂಖ್ಯೆ ಹಾಕಿಸಿದ್ದೇನೆ. ಒಂದು ಹಾಳೆ ಹರಿದು ಹತ್ತರ ಮುಂದೆ ಹದಿಮೂರು ಬಂದರೆ ಒಂದನೇ ತರಗತಿಯ ಪ್ರತಿನಿಧಿಯೂ ಬೆರಳಿಟ್ಟು ತೋರಿಸುತ್ತಾನೆ.

ಅಕ್ಕ ಊಟ ಬಡಿಸುತ್ತಾ, "ಒಂದು ಚಿಲಕ ತಂದು ನೀನೇ ಹಾಕಿಸಿಬಿಡೇ, ತಲೆನೋವು ತಪ್ಪುತ್ತೆ" ಅಂದಳು. ಹಾಕಿಸಬಹುದು. ಆದರೆ ಆ ನೆಪದಲ್ಲಿ ಪುಟ ಹರಿದರೆ, ಕೈ ಎತ್ತಿದ ಮಕ್ಕಳಿಗೆ ಯಾವ ಮುಖ ತೋರಿಸಲಿ?

ಪುಸ್ತಕ ನನ್ನ ಚೀಲದಲ್ಲೇ ಇದೆ. ನಾಳೆ ಅದೇ ಪುಟ ತೆರೆದಿಡುತ್ತೇನೆ. ನಂಬಿಕೆ ಬರದಿದ್ದರೆ ಅಧಿಕಾರಿಣಿಯೇ ಒಮ್ಮೆ ಒಳಗೆ ಹೋಗಿ ಬರಲಿ. ಬಾಗಿಲು ಹಿಡಿದು ನಿಲ್ಲಲು ಹೆಡ್‌ಮೇಡಂ ಇದ್ದಾರಲ್ಲ.