ಎರಡನೇ ದನಿ

ಭಾನುವಾರ, ಜೂನ್ ೧೪

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ನೀನು ಕಳಿಸಿದ ಹಾರ್ಡ್ ಡಿಸ್ಕ್ ತಲುಪಿ ತಿಂಗಳಾಯಿತು. ಅವತ್ತು ಮಾತಿನ ನಡುವೆಯೇ ಫೋನ್ ಇಟ್ಟವಳು ಮತ್ತೆ ಮಾಡಲೇ ಇಲ್ಲ, ತಪ್ಪು ತಿಳಿಯಬೇಡ. ಮಾಡಿದರೆ ಕಿರುಚಾಡುತ್ತೇನೆ, ಅಮ್ಮನ ಕಿವಿಗೆ ಬೀಳುತ್ತದೆ. ಅದಕ್ಕೇ ಈ ಕಾಗದ.

ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ಕಪಾಟು ಮಾತ್ರ ಖಾಲಿ. ಅಷ್ಟೂ ಡಿವಿಡಿಗಳು ಅಂಗೈಯಗಲದ ಡಬ್ಬಿಯೊಳಗೆ! ಒಂದು ಸಿನಿಮಾಕ್ಕೆ ಒಂದೇ ಆಡಿಯೋ ಟ್ರ್ಯಾಕ್ ಇಟ್ಟು ಮಿಕ್ಕಿದ್ದನ್ನು ತೆಗೆದುಬಿಟ್ಟರೆ ಜಾಗವೂ ಉಳಿಯುತ್ತದೆ, ಕೆಲಸವೂ ಬೇಗ ಆಗುತ್ತದೆ ಎಂದು ನೀನು ಫೋನಿನಲ್ಲಿ ಹೆಮ್ಮೆಯಿಂದ ಹೇಳಿದೆ. ಡಿವಿಡಿಗಳನ್ನು ಗುಜರಿಗೆ ಹಾಕಿದೆನೆಂದೂ ಹೇಳಿದೆ. ಭಲೇ ಜಾಣ.

ಆ ಮಿಕ್ಕಿದ್ದು ಅಪ್ಪ ಕಣೋ.

ಅಮ್ಮನ ಕಣ್ಣು ಹೋದಾಗ ನೀನು ಹಾಸ್ಟೆಲಿನಲ್ಲಿದ್ದೆ. ಅಪ್ಪ ದಿನವಿಡೀ ಸ್ಟುಡಿಯೋದಲ್ಲಿ ಕಂಡವರ ಮದುವೆ ವಿಡಿಯೋ ಎಡಿಟ್ ಮಾಡಿ ಬಂದು, ಅಮ್ಮನಿಗೆ ಇಷ್ಟವಾದ ಸಿನಿಮಾ ಹಾಕಿಕೊಂಡು ಮೈಕ್ ಹಿಡಿದು ಕೂರುತ್ತಿದ್ದರು. ಪಾತ್ರಗಳು ಮಾತು ನಿಲ್ಲಿಸಿದ ಕಡೆಯಲ್ಲೆಲ್ಲ ಪರದೆಯ ಮೇಲೆ ಏನಾಗುತ್ತಿದೆಯೆಂದು ಹೇಳುವುದು. "ಈಗ ಕಿಟಕಿ ಹತ್ರ ನಿಂತಿದಾಳೆ ಕಣೇ. ಅಳು ಬರ್ತಿದೆ, ತಡ್ಕೊಂಡಿದಾಳೆ, ನಿನ್ ಥರಾನೇ. ಅಯ್ಯೋ, ಈ ಹೀರೋ ಮೀಸೆ ನೋಡ್ಬೇಕಿತ್ತು ನೀನು, ಒಳ್ಳೇ ಪೊರಕೆ!" ಅದನ್ನು ಎರಡನೇ ಆಡಿಯೋ ಮಾಡಿ ಡಿವಿಡಿಗೆ ಹಾಕುತ್ತಿದ್ದರು. ರಿಮೋಟಿನ ಗುಂಡಿ ಒತ್ತಿದರೆ ಅಪ್ಪ ಬರುತ್ತಿದ್ದರು. ಅವರು ಹೋದ ಮೇಲೂ ಮಧ್ಯಾಹ್ನ ಊಟವಾದೊಡನೆ ಅಮ್ಮನಿಗೆ ಅದೇ ಬೇಕಿತ್ತು.

ಪ್ಲೇಯರ್ ಕೈಕೊಟ್ಟಿತೆಂದು ನಾನೇ ಅವನ್ನೆಲ್ಲ ನಿನ್ನ ಕೈಗಿಟ್ಟೆ. "ಅಪ್ಪ ಅಮ್ಮನಿಗೋಸ್ಕರ ಮಾಡಿದ್ದು, ಹುಷಾರು ಕಣೋ" ಎಂದು ಬಾಯಿ ನೋಯುವಷ್ಟು ಹೇಳಿದೆ. "ನಂಗೆ ಹೇಳ್ಕೊಡ್ಬೇಡಕ್ಕ, ಸುಮ್ನಿರು" ಎಂದೆ ನೀನು. ನಾನೂ ಸುಮ್ಮನಾದೆ.

ಡಿಸ್ಕ್ ಬಂದ ದಿನ ಅಮ್ಮ ತಲೆ ಬಾಚಿಕೊಂಡು ಟಿವಿ ಮುಂದೆ ಕೂತಳು. ಸಿನಿಮಾ ಶುರುವಾಯಿತು. "ಗುಂಡಿ ಒತ್ತೇ" ಎಂದಳು. ಇದ್ದಬದ್ದ ಗುಂಡಿಯನ್ನೆಲ್ಲ ಒತ್ತಿದೆ. ಮುಗಿಯುವ ತನಕ ಕಾದಳು ಮಾರಾಯ, ಎಲ್ಲೋ ಒಂದು ಕಡೆ ಬಂದಾರು ಎಂದು.

ಮಾರನೆಯ ದಿನ ನಾನೇ ಪಕ್ಕದಲ್ಲಿ ಕೂತು ಹೇಳಹೊರಟೆ. ಐದು ನಿಮಿಷಕ್ಕೆ ಕೈ ಹಿಡಿದು ನಿಲ್ಲಿಸಿದಳು. "ಸಾಕು ಬಿಡಮ್ಮ. ನೀನು ಅಲ್ಲಿರೋದನ್ನ ಹೇಳ್ತೀಯ. ಅವರು ನನ್ನ ಜೊತೆ ಮಾತಾಡ್ತಿದ್ರು." ಆಮೇಲೆ ಟಿವಿ ಹಾಕು ಎಂದು ಕೇಳಿಲ್ಲ.

ಇನ್ನೂ ಚೆನ್ನಾಗಿರುವ ಪ್ರಿಂಟ್ ಹುಡುಕಿ ಕಳಿಸುತ್ತೇನೆ ಎಂದೆಯಲ್ಲ, ಬೇಡ. ಕುರುಡಿಗೆ ಯಾವ ಪ್ರಿಂಟಾದರೇನು? ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹೆಂಡತಿಗೂ ಮಗುವಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಕೈ ಬಂದಿರಲಿಲ್ಲ. "ಎರಡನೇ ಟ್ರ್ಯಾಕ್ ಹಾಕಿ ನೋಡ್ದೆ ಕಣಕ್ಕ, ಯಾರೋ ಗೊಣಗ್ತಿದ್ದ, ಅದಕ್ಕೇ ತೆಗ್ದೆ" ಎಂದೆಯಲ್ಲ, ಅಲ್ಲಿಗೇ ನಾನು ಫೋನ್ ಇಟ್ಟದ್ದು. ನಿನ್ನೆ ಅಮ್ಮ ನಿನ್ನ ಪರವಾಗಿ ನನ್ನ ಜೊತೆ ಜಗಳಕ್ಕೇ ನಿಂತಳು. "ಅವನನ್ನ ಯಾಕೆ ಬೈತೀಯೆ? ಪಾಪ, ಅವನು ಕೇಳಿಸ್ಕೊಂಡಿರಲ್ಲ. ಕೇಳಿದ್ರೆ ತೆಗೀತಿದ್ನಾ? ಅವರಪ್ಪನ ದನಿ ಅವನಿಗೆ ಗೊತ್ತಾಗಲ್ವಾ?" ನಾನು "ಹೂಂನಮ್ಮ, ಅವನು ಕೇಳೇ ಇಲ್ಲ" ಎಂದೆ. ನೀನೂ ಹಾಗೇ ಹೇಳು.